ಅಕ್ರಾದಲ್ಲಿ ಒಂಬತ್ತು ದಿನ, ಬರೀ ಟ್ರೋಟ್ರೋದಲ್ಲೇ

ಮೊದಲು ದುಡ್ಡಿನ ವಿಷಯ. ಅಕ್ರಾ ಅಂದರೆ ಆಫ್ರಿಕಾದ ಘಾನಾ ದೇಶದ ರಾಜಧಾನಿ, ಸೆಡಿ ಅಲ್ಲಿನ ದುಡ್ಡು. ವಿಮಾನ, ವೀಸಾ ಬಿಟ್ಟರೆ ದಿನಕ್ಕೆ ಸುಮಾರು 80 ಸೆಡಿ ಖರ್ಚಾಯಿತು. 2019ರ ಜನವರಿಯ ಲೆಕ್ಕದಲ್ಲಿ ಸಾವಿರದ ನೂರು ರೂಪಾಯಿ ಆಸುಪಾಸು. "ಒಬ್ಬನೇ ಹೋಗ್ತೀಯ, ಮೊಟ್ಟೆನೂ ತಿನ್ನಲ್ಲ, ಮೂರು ದಿನಕ್ಕೆ ವಾಪಸ್ ಬರ್ತೀಯ ಬಿಡು" ಅಂದವರು ಇದನ್ನು ಓದಲಿ ಅಂತಲೇ ಬರೀತಿದ್ದೇನೆ.

ಶುರುವಾಗಿದ್ದು ಮಾತ್ರ ಸೋಲಿನಿಂದಲೇ. ವಿಮಾನ ನಿಲ್ದಾಣದ ಹೊರಗೆ ಸಿಕ್ಕ ಮೊದಲ ಟ್ಯಾಕ್ಸಿ ಹತ್ತಿ 70 ಸೆಡಿ ಕೊಟ್ಟೆ. ಅರ್ಧಕ್ಕೂ ಕಮ್ಮಿ ಆಗ್ತಿತ್ತು ಅಂತ ಮಾರನೇ ದಿನ ಗೊತ್ತಾಯಿತು. ಹೊಟ್ಟೆ ಉರಿದು ಹೋಯಿತು. ಇನ್ನು ಟ್ಯಾಕ್ಸಿ ಬೇಡ, ಏನಿದ್ದರೂ ಟ್ರೋಟ್ರೋ ಅಂತ ಅವತ್ತೇ ತೀರ್ಮಾನ ಮಾಡಿದೆ.

ಟ್ರೋಟ್ರೋ ಅಂದರೆ ನಮ್ಮ ಹಳ್ಳಿ ಕಡೆಯ ಟೆಂಪೋ ಇದ್ದ ಹಾಗೆ. ತುಂಬುವವರೆಗೆ ಹೊರಡಲ್ಲ. ಕಂಡಕ್ಟರಿಗೆ 'ಮೇಟ್' ಅಂತಾರೆ. ನಮ್ಮವರು 'ರೈಟ್ ರೈಟ್' ಅನ್ನುವ ಕಡೆ ಅವನು 'ಅವೇ!' ಅಂತಾನೆ. ಬೋರ್ಡ್ ಇರಲ್ಲ, ಕೂಗನ್ನೇ ಕೇಳಿಸಿಕೊಳ್ಳಬೇಕು. ದೂರದಿಂದಾದರೆ ಕೈಸನ್ನೆ: ತೋರುಬೆರಳು ಕೆಳಗೆ ಮಾಡಿ ಗಿರ್ರನೆ ತಿರುಗಿಸಿದರೆ 'ಸರ್ಕ್', ಅಂದರೆ ಎನ್‌ಕ್ರುಮಾ ಸರ್ಕಲ್. ಮೇಟ್ 'ಅಕ್ರಾ ಅಕ್ರಾ' ಅಂತ ಕೂಗಿದಾಗ ನನಗೆ ತಲೆ ಕೆಟ್ಟಿತು. ಅಕ್ರಾದಲ್ಲೇ ನಿಂತಿದ್ದೀನಲ್ಲಪ್ಪಾ! ಆಮೇಲೆ ತಿಳೀತು, ಅಲ್ಲಿ 'ಅಕ್ರಾ' ಅಂದರೆ ಮಕೋಲಾ ಮಾರುಕಟ್ಟೆ ಸುತ್ತಲ ಹಳೇ ಪೇಟೆ.

ಎಡಗೈಲಿ ದುಡ್ಡು ಚಾಚಿದೆ, ಮೇಟ್ ಮುಟ್ಟಲೇ ಇಲ್ಲ. ಪಕ್ಕದ ಹೆಂಗಸು ನನ್ನ ಬಲಗೈ ಹಿಡಿದು ಅದಕ್ಕೆ ನೋಟು ಇಟ್ಟಳು. ನಮ್ಮಜ್ಜಿಯೂ ಇದಕ್ಕೇ ಬೈತಿದ್ದಳು, ಅಲ್ವಾ ಅನ್ನಿಸಿ ನಾಚಿಕೆಯಾಯಿತು. ಇನ್ನೊಂದು ದಿನ ಕನೇಶಿಯಲ್ಲಿ ಇಳಿಯಬೇಕಿತ್ತು. ಕಸೋವಾ ಗಾಡಿಯಲ್ಲಿ ಕಿಟಕಿ ಪಕ್ಕ ನಿದ್ದೆ ಹೊಡೆದು, ಊರಾಚೆ ಕಸೋವಾದಲ್ಲೇ ಎದ್ದೆ. ಅರ್ಧ ದಿನ ಹಾಳು. ಚಿಲ್ಲರೆ ವಾಪಸ್ ಪಡೆಯೋಕೆ ಒಂದು ಉಪಾಯ ಇದೆ, ಅದನ್ನು ಮಾತ್ರ ಹೇಳಲ್ಲ. ನೀವೂ ಒಂದಷ್ಟು ಕಳಕೊಂಡು ಕಲೀರಿ.

ಈಗ ಊಟ. ವಾಚೆ ಅಂತ ಅನ್ನ-ಅಲಸಂದೆ ಸಿಗುತ್ತೆ. ಜೋಳದ ಜಾತಿಯ ಎಲೆ ಹಾಕಿ ಬೇಯಿಸ್ತಾರೆ, ಅನ್ನ ಕೆಂಪಗಾಗುತ್ತೆ. ಸಸ್ಯಾಹಾರ ಅಂದುಕೊಂಡು ಮೇಲೆ ಕಪ್ಪು ಚಟ್ನಿ ಹಾಕಿಸಿಕೊಂಡೆ. ಅದು ಶಿಟೋ, ಒಣಮೀನಿನದು! ಎರಡನೇ ತುತ್ತಿಗೆ ವಾಸನೆ ಹತ್ತಿತು, ಐದು ಸೆಡಿ ಹೋಯಿತು. ಗೆದ್ದಿದ್ದು ಬೆಳಗಿನ ತಿಂಡಿಯಲ್ಲಿ. ಹೌಸಾ ಕೊಕೊ ಅಂದರೆ ಸಿರಿಧಾನ್ಯದ ಅಂಬಲಿ, ಶುಂಠಿ-ಲವಂಗದ ಘಾಟು ಇರುತ್ತೆ. ಜೊತೆಗೆ ಕೋಸೆ, ಅಂದರೆ ಸಾಕ್ಷಾತ್ ಅಲಸಂದೆ ವಡೆ! ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ. ಎರಡೂ ಸೇರಿ ಮೂರು ಸೆಡಿ ದಾಟಲಿಲ್ಲ. ಸಂಜೆಗೆ ಕೆಲೆವೆಲೆ, ಖಾರ ಹಚ್ಚಿ ಕರಿದ ಹಣ್ಣು ಬಾಳೆ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ನಾನು ಮಂಡ್ಯ ಕಡೆಯವನು. ಬಂಕು ಅಂತ ಅಲ್ಲಿನ ಒಂದು ತಿನಿಸು, ನೋಡಿದ ಕೂಡಲೇ ಮುದ್ದೆ ನೆನಪಾಯಿತು. ಹುಳಿ ಬರಿಸಿದ ಮುಸುಕಿನ ಜೋಳ, ಮರಗೆಣಸಿನ ಹಿಟ್ಟಿನದು. ಆದರೆ ಜೊತೆಗೆ ಕೊಡುವ ಸಾರಿನಲ್ಲೆಲ್ಲಾ ಮೀನು. ಮಕೋಲಾದಲ್ಲಿ ಅರೆದ ಕಡಲೆಕಾಯಿ ಪೇಸ್ಟ್, ಟೊಮ್ಯಾಟೊ, ಗುಂಡು ಮೆಣಸಿನಕಾಯಿ ಕೊಂಡು, ತಂಗಿದ್ದ ಮನೆಯ ಒಲೆಯಲ್ಲಿ ಸಾರು ಕಾಯಿಸಿದೆ. ಮೊದಲ ಸಲ ತಳ ಹಿಡಿದು ಕರಟಿತು. ಎರಡನೇ ಸಲ ನೀರು ಜಾಸ್ತಿ ಹಾಕಿ, ಕೈ ಬಿಡದೆ ತಿರುವಿದೆ. ಬಂಕು ಅದ್ದಿ ಅಗಿಯದೆ ನುಂಗಿದೆ. ಮನೆಯ ಆಂಟಿ ಬಾಗಿಲಲ್ಲಿ ನಿಂತು ನೋಡ್ತಿದ್ದವರು ಚಪ್ಪಾಳೆ ತಟ್ಟಿ ನಕ್ಕರು. ಬಿಳಿಯರು ಅಗಿದು ಅಗಿದು ಸಾಯ್ತಾರಂತೆ.

ನೋಡಿದ ಜಾಗ ಎಲ್ಲರಿಗೂ ಗೊತ್ತಿರುವಂಥವೇ. 1957ರ ಮಾರ್ಚ್ 6ಕ್ಕೆ ಘಾನಾದ ಮೊದಲ ಪ್ರಧಾನಿ ಎನ್‌ಕ್ರುಮಾ ಸ್ವಾತಂತ್ರ್ಯ ಘೋಷಿಸಿದ ಹಳೇ ಪೋಲೋ ಮೈದಾನ, ಈಗ ಅವರ ಸಮಾಧಿ ಅಲ್ಲೇ ಇದೆ. ಜೇಮ್ಸ್‌ಟೌನಿನ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ ಹತ್ತೋಕೆ 20 ಸೆಡಿ ಕೇಳಿದರು, ಹತ್ತಕ್ಕೆ ಇಳಿಸಿದೆ. ಮೇಲೆ ಹೋದರೆ ಹರ್ಮಟಾನ್ ಗಾಳಿಯ ಧೂಳು, ಊರೆಲ್ಲ ಮಬ್ಬು. ಕೆಳಗೆ ಬಣ್ಣದ ದೋಣಿಗಳು ಮಾತ್ರ ಕಂಡವು. ಸಹಾರಾದ ಧೂಳದು, ಡಿಸೆಂಬರಿನಿಂದ ಫೆಬ್ರವರಿವರೆಗೂ ಹೀಗೇ. ಫೋಟೋ ಹುಚ್ಚಿನವರು ಆ ತಿಂಗಳು ಬಿಡಿ.

ಹಳದಿ ಜ್ವರದ ಲಸಿಕೆ ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಿ. ಆ ಹಳದಿ ಕಾರ್ಡನ್ನು ವಾಪಸ್ ಬಂದಾಗ ಮುಂಬೈಯಲ್ಲೂ ಕೇಳ್ತಾರೆ. ನಾನು ಅದನ್ನು ಬ್ಯಾಗಿನ ತಳಕ್ಕೆ ಹಾಕಿದ್ದೆ. ಸಾಲಿನಲ್ಲಿ ಬಟ್ಟೆಯೆಲ್ಲ ಹೊರಗೆ ತೆಗೆದು ಹುಡುಕಿದಾಗ, ಕಡಲೆಕಾಯಿ ಪೇಸ್ಟ್ ಸೋರಿ ಕಾರ್ಡಿಗೆ ಮೆತ್ತಿಕೊಂಡಿತ್ತು.