ಕಡಲ ಕದನವನ್ನು ಓದುವ ಬಗೆ: 1510ರ ಗೋವೆಯನ್ನು ಮುಂದಿಟ್ಟುಕೊಂಡು

ನನ್ನ ಅಜ್ಜ ಮಚ್ವೆಯ, ಅಂದರೆ ಸರಕು ಸಾಗಿಸುವ ಹಾಯಿಹಡಗಿನ, ತಾಂಡೇಲರಾಗಿದ್ದರು. ಮಂಗಳೂರು ಹಂಚು ಹೇರಿಕೊಂಡು ಹಾಯಿಯ ಬಲದಲ್ಲೇ ಮುಂಬಯಿಗೆ ಹೋಗಿಬರುತ್ತಿದ್ದರು. ಮೇ ಮುಗಿಯುವ ಮೊದಲೇ ಮಚ್ವೆಯನ್ನು ಶರಾವತಿಯ ದಡಕ್ಕೆಳೆದು ಮಡಲು ಹೊದಿಸಿಟ್ಟರೆ, ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಡುವ ತನಕ ಮತ್ತೆ ನೀರಿಗಿಳಿಸುತ್ತಿರಲಿಲ್ಲ. ಮುಂದೆ ನಾನು ಪೋರ್ಚುಗೀಸರ ಕಡಲ ಕದನಗಳ ಬಗ್ಗೆ ಓದತೊಡಗಿದಾಗ ಯಾರ ಹಡಗು ಎಷ್ಟು, ಯಾರ ಫಿರಂಗಿ ಎಷ್ಟು ಎಂಬ ಲೆಕ್ಕವನ್ನೇ ಬಾಯಿಪಾಠ ಮಾಡಿದೆ. ಏನೂ ಹಿಡಿತಕ್ಕೆ ಸಿಗಲಿಲ್ಲ. ಅಜ್ಜನ ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆಯೇ ಆ ಕದನಗಳು ಬಿಡಿಸಿಕೊಂಡವು. ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ. ನಮ್ಮ ಪಕ್ಕದ ಗೋವೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಉದ್ದನೆಯ ಹಾಳೆಯೊಂದರಲ್ಲಿ ಹನ್ನೆರಡು ಮನೆ ಹಾಕಿ ತಿಂಗಳುಗಳ ಹೆಸರು ಬರೆಯಿರಿ. ಜೂನ್, ಜುಲೈ ಪೂರ್ತಿಯಾಗಿ, ಆಗಸ್ಟ್ ಅರ್ಧಕ್ಕೂ ಹೆಚ್ಚು ಪೆನ್ಸಿಲಿನಿಂದ ಕಪ್ಪು ಮಾಡಿ. ನೈಋತ್ಯ ಮಾರುತದ ಆ ದಿನಗಳಲ್ಲಿ ಪಡುವಣ ಕರಾವಳಿಯ ಅಳಿವೆಗಳನ್ನು ಹಾಯಿಹಡಗು ದಾಟುವಂತಿರಲಿಲ್ಲ. ಈಗ ಕದನಗಳನ್ನು ತುಂಬುತ್ತ ಬನ್ನಿ. ಚೌಲ್, 1508ರ ಮಾರ್ಚ್. ದೀವ್, 1509ರ ಫೆಬ್ರವರಿ 3. ಗೋವೆ ಮೊದಲ ಸಲ 1510ರ ಫೆಬ್ರವರಿಯಲ್ಲಿ, ಎರಡನೆಯ ಸಲ ಅದೇ ವರ್ಷದ ನವೆಂಬರ್ 25ರಂದು. ಒಂದೂ ಕಪ್ಪು ಮನೆಗೆ ಬೀಳುವುದಿಲ್ಲ.

ದಿನಾಂಕಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. 1582ರ ಅಕ್ಟೋಬರಿಗಿಂತ ಹಿಂದಿನ ಪೋರ್ಚುಗೀಸ್ ದಿನಾಂಕಗಳು ಹಳೆಯ ಜೂಲಿಯನ್ ಲೆಕ್ಕದವು. 1510ರಲ್ಲಿ ಅದಕ್ಕೂ ಈಗಿನ ಕ್ಯಾಲೆಂಡರಿಗೂ ಹತ್ತು ದಿನಗಳ ಅಂತರ. ಅವರ ನವೆಂಬರ್ 25 ನಮಗೆ ಡಿಸೆಂಬರ್ 5. ಹತ್ತು ದಿನ ಯಾವ ಲೆಕ್ಕ ಎನ್ನಬೇಡಿ. ಮೇ ಕೊನೆಯ ಕಡಲೇ ಬೇರೆ, ಜೂನ್ ಮೊದಲ ವಾರದ ಕಡಲೇ ಬೇರೆ.

ಆಮೇಲೆ ನಕಾಶೆ. ಹಡಗುಗಳನ್ನು ಎಣಿಸುವ ಮೊದಲು ಅಳಿವೆಯನ್ನು ನೋಡಿ. ಗೋವೆಯ ತಿಸವಾಡಿ ಒಂದು ದ್ವೀಪ. ಬಡಗಣಕ್ಕೆ ಮಾಂಡೋವಿ, ತೆಂಕಣಕ್ಕೆ ಜುವಾರಿ, ಮೂಡಣದಲ್ಲಿ ಇವೆರಡನ್ನೂ ಕೂಡಿಸುವ ಕಿರುಹೊಳೆ. ಆಗಿನ ಪಟ್ಟಣ ಇದ್ದದ್ದು ಅಳಿವೆಯಲ್ಲಲ್ಲ, ಹೊಳೆಯ ಒಳಕ್ಕೆ. ಅದಕ್ಕೆ ಹೋಗುವ ದಾರಿಯನ್ನು ಕಾಯುತ್ತಿದ್ದುದು ಪಣಜಿಯ ಕೋಟೆ. ತೆಳುಹಾಳೆ ಇಟ್ಟು ಇಷ್ಟನ್ನು ಕೈಯಾರೆ ಬರೆಯಿರಿ. ಮೊಬೈಲಿನಲ್ಲಿ ನೋಡಿ ಬಿಟ್ಟರೆ ಸಾಲದು. ಬರೆಯುವಾಗಲೇ ಗೊತ್ತಾಗುತ್ತದೆ: ಈ ದ್ವೀಪಕ್ಕೆ ಕಡಲಿನಿಂದ ಒಂದು ಬಾಗಿಲು, ನೆಲದಿಂದ ಇನ್ನೊಂದು.

ಹಾಳೆ, ನಕಾಶೆ ಎರಡನ್ನೂ ಮುಂದಿಟ್ಟುಕೊಂಡು ಘಟನೆಗಳನ್ನು ಓದಿ. ಪೋರ್ಚುಗೀಸರ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಹೊರಟಿದ್ದು ಕೆಂಪು ಸಮುದ್ರದ ಕಡೆಗೆ. ಹೊನ್ನಾವರದ ಕಡಲ ನಾಯಕ ತಿಮ್ಮಯ್ಯ ಅವನನ್ನು ಗೋವೆಯತ್ತ ತಿರುಗಿಸಿದ. ಬಿಜಾಪುರದ ಆದಿಲಶಾಹಿ ಕಾವಲು ಅಲ್ಲಿ ತೆಳುವಾಗಿತ್ತು. ಫೆಬ್ರವರಿಯಲ್ಲಿ ಕಡಲ ಬಾಗಿಲು ತೆರೆದಿತ್ತು, ಪಟ್ಟಣ ಹೆಚ್ಚು ಹೊಡೆದಾಟವಿಲ್ಲದೆ ಕೈಗೆ ಬಂತು. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಮೂಡಣದ ಹೊಳೆ ದಾಟಿ ನೆಲದ ಬಾಗಿಲಿನಿಂದ ನುಗ್ಗಿತು. ಪೋರ್ಚುಗೀಸರು ಹಡಗು ಹತ್ತಿದರು. ಆದರೆ ಅಷ್ಟರಲ್ಲಿ ಅಳಿವೆ ಮುಚ್ಚಿತ್ತು.

ಇಲ್ಲಿ ಓದನ್ನು ನಿಧಾನ ಮಾಡಿ. ಶಾಲೆಯಲ್ಲಿ ನಾನು ಓದಿದ ಪಾಠದಲ್ಲಿ ಈ ಭಾಗಕ್ಕೆ ಒಂದು ಸಾಲೂ ಇರಲಿಲ್ಲ. ಜೂನ್‌ನಿಂದ ಆಗಸ್ಟ್ ನಡುವಿನವರೆಗೆ ಆ ಹಡಗುಗಳು ಮಾಂಡೋವಿಯಲ್ಲೇ ಲಂಗರು ಹಾಕಿ ನಿಂತವು. ಮುಂದೆ ಹೋದರೆ ಮರಳದಿಬ್ಬದ ಮೇಲೆ ಒಡೆಯುವ ಅಲೆ, ಹಿಂದೆ ಬಂದರೆ ದಡದ ಫಿರಂಗಿ. ಊಟಕ್ಕೆ ಇಲಿ ಹಿಡಿದರು, ತೊಗಲು ಬೇಯಿಸಿ ತಿಂದರು. ದೀವ್‌ನಲ್ಲಿ ಈಜಿಪ್ಟಿನ, ಗುಜರಾತಿನ, ಕಲ್ಲಿಕೋಟೆಯ ಹಡಗುಗಳನ್ನು ಒಟ್ಟಿಗೆ ಮುರಿದಿದ್ದ ನೌಕಾಬಲ ಒಂದು ಅಳಿವೆಯ ಮುಂದೆ ಎರಡೂವರೆ ತಿಂಗಳು ಕೈಕಟ್ಟಿ ಕೂತಿತ್ತು. ಹೊರಬಿದ್ದದ್ದು ಅವರ ಲೆಕ್ಕದ ಆಗಸ್ಟ್ ನಡುವಿಗೆ. ಹತ್ತು ದಿನ ಸೇರಿಸಿ ನೋಡಿ, ನಮ್ಮ ಆಗಸ್ಟ್ ಕೊನೆಯಾಗುತ್ತದೆ. ಅಜ್ಜ ಮಡಲು ತೆಗೆಯುತ್ತಿದ್ದುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಹೆಸರುಗಳಿಗೆಂದು ನೋಟ್‌ಬುಕ್ಕಿನ ಒಂದು ಪುಟ ಬಿಡಿ. ಪೋರ್ಚುಗೀಸ್ ಬರಹಗಳಲ್ಲಿ ಹೊನ್ನಾವರ ಓನೋರ್ ಆಗಿದೆ, ಭಟ್ಕಳ ಬಾತಿಕಲಾ, ಬಸರೂರು ಬಾರ್ಸೆಲೋರ್, ತಿಮ್ಮಯ್ಯ ತಿಮೋಜಾ. ಗೊತ್ತಿಲ್ಲದಿದ್ದರೆ ನಮ್ಮೂರಿನ ಹೆಸರನ್ನೇ ದಾಟಿ ಹೋಗಿಬಿಡುತ್ತೇವೆ. ನಾವೂ ಅವರಿಗೆ ಹೆಸರಿಟ್ಟಿದ್ದೇವೆ. ಬಂದವರಿಗೂ ಅವರ ತೋಪಿಗೂ ಕನ್ನಡದಲ್ಲಿ ಒಂದೇ ಮಾತು: ಫಿರಂಗಿ.

ನವೆಂಬರಿನ ಎರಡನೆಯ ದಾಳಿಯನ್ನು ಓದುವಾಗ ಬರೆದವರು ಯಾರು ಎಂದು ಕೇಳಿಕೊಳ್ಳಿ. ಪಟ್ಟಣ ಬಿದ್ದ ಮೇಲೆ ಅಲ್ಲಿನ ಮುಸಲ್ಮಾನರನ್ನು ದಿನಗಟ್ಟಲೆ ಹುಡುಕಿ ಕೊಂದರು. ಇದನ್ನು ಹೇಳುತ್ತಿರುವುದು ಶತ್ರುಗಳಲ್ಲ. ಅಲ್ಬುಕರ್ಕ್ ತಾನೇ ತನ್ನ ದೊರೆ ಮನುಯೆಲನಿಗೆ ಪತ್ರದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. "ಗೆದ್ದ" ಎಂಬ ಒಂದು ಮಾತಿನಲ್ಲಿ ಇದನ್ನು ಮುಚ್ಚಿಬಿಡುವ ಪುಸ್ತಕವನ್ನು ನಾನು ನಂಬುವುದಿಲ್ಲ. ನಿಮ್ಮ ಟಿಪ್ಪಣಿಯಲ್ಲಿ ದಿನಾಂಕದ ಪಕ್ಕದಲ್ಲೇ ಇದನ್ನೂ ಬರೆಯಿರಿ.

ಕದನ ಮುಗಿದ ಮಾರನೆಯ ದಿನಕ್ಕೆ ಎರಡನೆಯ ಹಾಳೆ ತೆಗೆಯಿರಿ. ಆಕ್ರಮಣವನ್ನು ಓದುವುದು ಇಲ್ಲಿಂದ ಶುರು. ನಾನು ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಕಂದಾಯ ಎತ್ತಿದವರು ಯಾರು? ನಾಣ್ಯ ಯಾರ ಹೆಸರಿನದು? ಕಡಲಲ್ಲಿ ಓಡಾಡಲು ಯಾರ ಅಪ್ಪಣೆ ಬೇಕಿತ್ತು? ಗೋವೆಯಲ್ಲಿ ಕಂದಾಯ ಎತ್ತುವ ಹೊಣೆ ಮೊದಲು ಹೋದದ್ದು ತಿಮ್ಮಯ್ಯನಿಗೇ. ನಾಣ್ಯದ ಟಂಕಸಾಲೆ 1510ರಲ್ಲೇ ಶುರುವಾಯಿತು. ಕಡಲಿನಲ್ಲಿ 'ಕಾರ್ತಾಜ್' ಎಂಬ ರಹದಾರಿ ಚೀಟಿ ಇಲ್ಲದ ವ್ಯಾಪಾರಿ ಹಡಗನ್ನು ಹಿಡಿಯುತ್ತಿದ್ದರು, ಸರಕು ಕಿತ್ತುಕೊಳ್ಳುತ್ತಿದ್ದರು. ಅರಬ್ಬೀ ಕುದುರೆಗಳ ವ್ಯಾಪಾರವನ್ನೂ ಗೋವೆಗೆ ಎಳೆದುಕೊಂಡರು. ಆ ಕುದುರೆ ವಿಜಯನಗರಕ್ಕೂ ಬೇಕಿತ್ತು, ಬಿಜಾಪುರಕ್ಕೂ ಬೇಕಿತ್ತು. ಒಂದು ಅಳಿವೆ ಹಿಡಿದವನ ಬಾಗಿಲಿಗೆ ಎರಡು ದೊಡ್ಡ ರಾಜ್ಯಗಳು ಬರಬೇಕಾದದ್ದು ಹೀಗೆ. ಇನ್ನು ಹಳ್ಳಿಗಳ ಆಡಳಿತ? ಅದನ್ನು ಹೊಸಬರು ಕಟ್ಟಲಿಲ್ಲ. ಊರಿನ ಹಿರಿಯ ಮನೆತನಗಳಾದ ಗಾಂವಕಾರರ ಹಳೆಯ ಕಟ್ಟುಪಾಡುಗಳನ್ನೇ 1526ರಲ್ಲಿ ಬರೆದಿಟ್ಟುಕೊಂಡು ಅದರ ಮೇಲೆ ಕಂದಾಯ ಎತ್ತಿದರು.

ಕೊನೆಗೆ ನಕಾಶೆಗೆ ಬಣ್ಣ ಹಾಕಿ, ಆದರೆ ಒಂದೇ ಸಲ ಅಲ್ಲ. 1510ಕ್ಕೆ ತಿಸವಾಡಿ ಮತ್ತು ಅದರ ಆಸುಪಾಸಿನ ಕುದುರುಗಳು ಮಾತ್ರ. ಬಡಗಣದ ಬಾರ್ದೇಸ್, ತೆಂಕಣದ ಸಾಷ್ಟಿಗಳಿಗೆ 1543. ಒಳನಾಡಿನ ಉಳಿದ ಭಾಗಗಳಿಗೆ 18ನೆಯ ಶತಮಾನ. ಅಲ್ಲಿಯವರೆಗೆ ಇಡೀ ಗೋವೆ 1510ರಲ್ಲೇ ಹೋಯಿತೆಂದು ತಿಳಿದಿದ್ದವನು ನಾನು. ಆ ಹಾಳೆ ಮುಗಿಸಿದ ದಿನ ನನ್ನ ತಪ್ಪು ನನಗೆ ಕಂಡಿತು.

ಇಷ್ಟಾದ ಮೇಲೆ ಮಲಯ ಕರಾವಳಿಯ ಬಂದರು ಮಲಾಕ್ಕಾವನ್ನು ನೀವೇ ಇದೇ ಕ್ರಮದಲ್ಲಿ ಮಾಡಿ ನೋಡಿ. 1511ರಲ್ಲಿ ಅಲ್ಬುಕರ್ಕ್ ಮತ್ತೆ ಕೆಂಪು ಸಮುದ್ರಕ್ಕೆ ಹೋಗುವ ಮನಸ್ಸು ಮಾಡಿದ್ದ. ಹೋದದ್ದು ಮೂಡಣಕ್ಕೆ, ಮಲಾಕ್ಕಾಕ್ಕೆ. ಹೊರಟ ತಿಂಗಳು ಏಪ್ರಿಲ್. ಹನ್ನೆರಡು ಮನೆಯ ಹಾಳೆ ನಿಮ್ಮ ಕೈಯಲ್ಲಿದೆ. ಏಪ್ರಿಲ್ ಕಳೆದ ಮೇಲೆ ಅರಬ್ಬೀ ಕಡಲಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಅದರ ಮೇಲೆ ಬಾಣ ಹಾಕಿ.