ಇಳಕಲ್ ಸೀರೆಯ ಹೆಸರು ಕೆಡದಂತೆ ಎಚ್‌ಟಿಎಂಎಲ್ ಓದಿದ ಬಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ನೇಕಾರರ ಸಂಘವಿದೆ. ಅವರ ಹಳೆಯ ವೆಬ್‌ಸೈಟಿನಿಂದ ಸೀರೆಗಳ ಮಾಹಿತಿಯನ್ನು ಹೊಸ ಆ್ಯಪ್‌ಗೆ ತರುವ ಕೆಲಸ ನನಗೆ ಬಂದಿತ್ತು. ಸೀರೆಯ ಹೆಸರು, ದಡಿ, ಸೆರಗು, ದರ, ಇಷ್ಟೇ. ಡೇಟಾಬೇಸ್ ಕೈಗೆ ಸಿಗುವಂತಿರಲಿಲ್ಲ, ಹಾಗಾಗಿ ಪುಟಗಳನ್ನೇ ಓದಬೇಕಿತ್ತು. ಪುಟದ ಹಿಂದಿನ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಸೋರ್ಸ್ ತೆರೆದು ನೋಡಿದರೆ ಹಳೆಯ ಸೀರೆಗಳ ವಿವರದಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ‘ಕ’ ಇರಬೇಕಾದಲ್ಲಿ &#3221; ಇತ್ತು. ಕೆಲವು ಪುಟಗಳಲ್ಲಿ ಅದೇ ‘ಕ’ &#38;#3221; ಆಗಿತ್ತು.

ಇದು ಹೀಗೇಕೆ ಆಗುತ್ತದೆ ಎಂದು ತಿಳಿಯದೆ ಕೋಡ್ ಬರೆಯಬಾರದು. ಮಾಹಿತಿ ತುಂಬುವ ಫಾರ್ಮ್ ಇರುವ ಪುಟದ ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಹಳೆಯ ವಿಂಡೋಸ್-1252 ಆಗಿದ್ದರೆ ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅಲ್ಲಿ ಕನ್ನಡ ಟೈಪ್ ಮಾಡಿದರೆ, ಬ್ರೌಸರ್ ಕಳಿಸುವ ಮೊದಲೇ ಒಂದೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಗೆ ಬದಲಿಸುತ್ತದೆ. ಆ ಅಂಕಿಗಳೇ ಡೇಟಾಬೇಸಿಗೆ ಹೋಗಿ ಕೂರುತ್ತವೆ. ಮುಂದೆ ಅದನ್ನು ತೋರಿಸುವ ಪುಟ, ತನ್ನ ಕೆಲಸ ಸರಿಯಾಗಿಯೇ ಮಾಡುತ್ತಾ, ‘&’ ಚಿಹ್ನೆಯನ್ನು ಎಸ್ಕೇಪ್ ಮಾಡುತ್ತದೆ, ಅಂದರೆ ಅದರ ಬದಲು ಅದರ ಸಂಖ್ಯೆಯಾದ 38ರ ಸಂಕೇತ ಬರೆಯುತ್ತದೆ. ಆಗ ಎರಡನೆಯ ಪದರ ಬೀಳುತ್ತದೆ. ಸಂಕೇತವನ್ನು ಮತ್ತೆ ಅಕ್ಷರಕ್ಕೆ ತರುವುದೇ ಬಿಚ್ಚುವುದು. ಎರಡು ಗಂಟು ಬಿದ್ದಿದ್ದರೆ ಎರಡೇ ಬಿಚ್ಚಬೇಕು, ಒಂದು ಬಿದ್ದಿದ್ದರೆ ಒಂದೇ. ಇಡೀ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡದ್ದು ಇದೊಂದನ್ನೇ.

‘ಬದಲಾವಣೆ ನಿಲ್ಲುವ ತನಕ ಬಿಚ್ಚುತ್ತಾ ಹೋದರೆ ಆಯ್ತಲ್ವಾ’ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಅದೇ ಸೈಟಿನಲ್ಲಿ ಸಿಬ್ಬಂದಿಗೆ ಒಂದು ಸೂಚನೆ ಇತ್ತು: ‘& ಬೇಕಾದಲ್ಲಿ &#38; ಎಂದು ಟೈಪ್ ಮಾಡಿ’. ಕೊನೆಯವರೆಗೂ ಬಿಚ್ಚಿದರೆ ಅದು ‘& ಬೇಕಾದಲ್ಲಿ & ಎಂದು ಟೈಪ್ ಮಾಡಿ’ ಆಗುತ್ತದೆ. ಅರ್ಥವೇ ಹೋಯಿತು. ಬರೆದವರು ನಿಜವಾಗಿ ಬರೆದ ಅಕ್ಷರಗಳನ್ನು ಉಳಿಸಲಿಕ್ಕೆಂದೇ ಎಸ್ಕೇಪ್ ಇರುವುದು.

ಹಾಗಾಗಿ ಮೊದಲ ಪದರವನ್ನು ಪುಟ ಓದಿ ಬಿಡಿಸುವ ಪಾರ್ಸರ್‌ಗೇ ಬಿಟ್ಟೆ. ಎರಡನೆಯ ಪದರವನ್ನು ಆ ಹಳೆಯ ಫಾರ್ಮಿನಿಂದ ಬಂದ ಕಾಲಂಗಳಲ್ಲಿ ಮಾತ್ರ ಬಿಚ್ಚಿದೆ. ಅದೂ ಎಲ್ಲಾ ಸಂಖ್ಯೆಗಳನ್ನಲ್ಲ. ಕನ್ನಡದ ವ್ಯಾಪ್ತಿಯಾದ 3200ರಿಂದ 3327, ರೂಪಾಯಿ ಚಿಹ್ನೆಯ 8377, ಜತೆಗೆ 8204 ಮತ್ತು 8205. ಸೀರೆಯ ವಿವರದಲ್ಲಿ ಯಾರೂ &#3221; ಎಂದು ಕೈಯಾರೆ ಬರೆಯುವುದಿಲ್ಲ, ಆದ್ದರಿಂದ ಈ ಮಿತಿಯಲ್ಲಿ ಧೈರ್ಯವಾಗಿ ಬಿಚ್ಚಬಹುದು.

ಆ 8204, 8205ರ ಬಗ್ಗೆ ಕನ್ನಡದವರು ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ಇವು ಪಕ್ಕದ ಅಕ್ಷರಗಳು ಕೂಡುವುದನ್ನು ತಡೆಯುವ (8204) ಮತ್ತು ಕೂಡಿಸುವ (8205), ಕಣ್ಣಿಗೆ ಕಾಣದ ಅಕ್ಷರಗಳು. ‘ಕಾಣದ ಕಸ’ ಎಂದು ತೆಗೆದುಹಾಕುವ ಕೋಡ್ ಬೇಕಾದಷ್ಟು ಸಿಗುತ್ತದೆ. ಆದರೆ ‘ಟೋಪ್‌ತೆನಿ’ ಎಂಬ ಸೆರಗಿನ ಹೆಸರಿನಲ್ಲಿ 8204 ತೆಗೆದರೆ ಅದು ‘ಟೋಪ್ತೆನಿ’ ಆಗುತ್ತದೆ. ‘ರ‍್ಯಾಂಕ್’ ಎನ್ನುವಲ್ಲಿ 8205 ತೆಗೆದರೆ ರಕಾರ ಅರ್ಕಾವತ್ತಾಗಿ ಮುಂದೆ ಹೋಗಿ ಕೂರುತ್ತದೆ. ಅವು ಕಸವಲ್ಲ, ನಮ್ಮ ಕಾಗುಣಿತದ ಭಾಗ. ಹುಡುಕುವಾಗ ಬೇಡ ಎನಿಸಿದರೆ ಹುಡುಕಾಟದ ಪ್ರತಿಯಲ್ಲಷ್ಟೇ ತೆಗೆಯಿರಿ, ಮೂಲದಲ್ಲಿ ಮುಟ್ಟಬೇಡಿ.

ಇನ್ನು ಯಾವುದು ಮೊದಲು ಎಂಬ ಪ್ರಶ್ನೆ. ಮೊದಲು ಟ್ಯಾಗ್ (ಕೋನ ಚಿಹ್ನೆಯೊಳಗಿನ ಎಚ್‌ಟಿಎಂಎಲ್ ಗುರುತು) ಬೇರೆ, ಪಠ್ಯ ಬೇರೆ ಆಗಬೇಕು. ಆಮೇಲೆ ಪಠ್ಯವನ್ನು ಬಿಚ್ಚಬೇಕು. ಸಂಘದಲ್ಲಿ ಮೊದಲಿದ್ದ ಪ್ರೋಗ್ರಾಂ ಇದನ್ನು ತಿರುವುಮುರುವು ಮಾಡುತ್ತಿತ್ತು: ಪೂರ್ತಿ ಪುಟವನ್ನು ಬಿಚ್ಚಿ, ಆಮೇಲೆ ರೆಜೆಕ್ಸ್ ಎಂಬ ಮಾದರಿ ಹುಡುಕಾಟದಿಂದ ಟ್ಯಾಗ್ ಅಳಿಸುತ್ತಿತ್ತು. &#60;ರೇಷ್ಮೆ ದಡಿ&#62; ಎಂದಿದ್ದದ್ದು <ರೇಷ್ಮೆ ದಡಿ> ಆಗಿ, ಟ್ಯಾಗ್ ಎಂದುಕೊಂಡು ಅಳಿಸಿಹೋಗುತ್ತಿತ್ತು. ಗ್ರಾಹಕರು ಬರೆದ ಅಭಿಪ್ರಾಯದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದ್ದರಂತೂ ಇನ್ನೂ ಅಪಾಯ. ಎಸ್ಕೇಪ್ ಆಗಿ ಸುಮ್ನೆ ಮಲಗಿದ್ದದ್ದು ಜೀವಂತ ಕೋಡ್ ಆಗಿ ಎದ್ದುಬಿಡುತ್ತದೆ. ಆದ್ದರಿಂದ ಬಿಚ್ಚಿದ ಪಠ್ಯವನ್ನು ಮತ್ತೆ ಪುಟಕ್ಕೆ ಹಾಕುವಾಗ ತಪ್ಪದೆ ಎಸ್ಕೇಪ್ ಮಾಡಬೇಕು.

ಆ ಪ್ರೋಗ್ರಾಂನಲ್ಲಿ ಬಿಚ್ಚುವ ಕೆಲಸಕ್ಕೆ ಸಾಲಾಗಿ ರಿಪ್ಲೇಸ್‌ಗಳಿದ್ದವು, ಅದರಲ್ಲಿ ‘&’ ಮೊದಲು. ಹಾಗೆ ಮಾಡಿದರೆ &#38;#60; ಮೊದಲ ಸಾಲಿನಲ್ಲಿ &#60; ಆಗಿ, ಮುಂದಿನ ಸಾಲಿನಲ್ಲಿ < ಆಗಿಬಿಡುತ್ತದೆ. ಒಂದೇ ಸಲ ಬಿಚ್ಚಬೇಕಾದದ್ದು ಎರಡು ಸಲ ಬಿಚ್ಚಿದಂತಾಯಿತು. ಕೈಯಿಂದಲೇ ಬರೆಯಬೇಕಿದ್ದರೆ ‘&’ ಕೊನೆಗೆ ಬರಲಿ. ಆದರೆ ಬರೆಯಬೇಡಿ ಎಂದೇ ಹೇಳುತ್ತೇನೆ. ಎಚ್‌ಟಿಎಂಎಲ್5ರ ಪಟ್ಟಿಯಲ್ಲಿ ಹೆಸರಿರುವ ಎಂಟಿಟಿಗಳೇ (ಇಂಥ ಸಂಕೇತಗಳೇ) 2,231 ಇವೆ, ಕೆಲವಕ್ಕೆ ಕೊನೆಯ ಅರ್ಧವಿರಾಮವೂ ಬೇಕಿಲ್ಲ. &#146; ಎಂದಿದ್ದರೆ ಎಚ್‌ಟಿಎಂಎಲ್ ನಿಯಮದ ಪ್ರಕಾರ ಅದು ’ ಎಂಬ ಉದ್ಧರಣ ಚಿಹ್ನೆ, ಮಾಹಿತಿ ಸಾಗಿಸಲು ಬಳಸುವ ಎಕ್ಸ್‌ಎಂಎಲ್‌ನಲ್ಲಿ ಮಾತ್ರ ಕಾಣದ ಕಂಟ್ರೋಲ್ ಅಕ್ಷರ. ಇಷ್ಟನ್ನೆಲ್ಲ ನಾಲ್ಕೈದು ರಿಪ್ಲೇಸ್ ಹಿಡಿಯಲಾರವು. ಪೈಥಾನ್ 3.4ರಿಂದ ಎಚ್‌ಟಿಎಂಎಲ್ ಮಾಡ್ಯೂಲಿನಲ್ಲೇ ಬಿಚ್ಚುವ ಅನ್‌ಎಸ್ಕೇಪ್ ಫಂಕ್ಷನ್ ಇದೆ. ಪುಟ ಓದಲು ನಾನು ಬ್ಯೂಟಿಫುಲ್ ಸೂಪ್ ಎಂಬ ಪೈಥಾನ್ ಲೈಬ್ರರಿ ಬಳಸಿದೆ, ಅದು ಪಠ್ಯವನ್ನು ಬಿಚ್ಚಿಯೇ ಕೊಡುತ್ತದೆ. ಹಾಗೆ ಸಿಕ್ಕ ಪಠ್ಯಕ್ಕೆ ಮತ್ತೆ ಅನ್‌ಎಸ್ಕೇಪ್ ಹಚ್ಚುವ ಅಭ್ಯಾಸ ಹಲವರಿಗಿದೆ. ಅದನ್ನು ಬಿಡಬೇಕು.

ಒಬ್ಬ ವ್ಯಾಪಾರಿಯಿಂದ ಸೀರೆಗಳ ಪಟ್ಟಿ ಎಕ್ಸ್‌ಎಂಎಲ್ ಫೈಲಿನಲ್ಲಿ ಬರುತ್ತಿತ್ತು, ಅದನ್ನು ಜಾವಾ ಪ್ರೋಗ್ರಾಂ ಓದುತ್ತಿತ್ತು. ಅಲ್ಲಿ ‘ಚಿಕ್ಕಿ ಪರಾಸ್ & ಗೋಮಿ ದಡಿ’ ಎಂಬ ದಡಿಗಳ ಹೆಸರು ಬರೀ ‘ಗೋಮಿ ದಡಿ’ ಆಗಿತ್ತು. ಸಂಘದ ಹಿರಿಯರು ಪಟ್ಟಿ ನೋಡಿ ‘ತಮ್ಮಾ, ಚಿಕ್ಕಿ ಪರಾಸ್ ಎಲ್ಲಿ ಹೋತು?’ ಎಂದರು. ‘ಹುಡುಕ್ತೀನ್ರಿ ಕಾಕಾ’ ಎಂದೆ. ಆ ಜಾವಾ ಪ್ರೋಗ್ರಾಂ ಬಳಸುತ್ತಿದ್ದ ಸ್ಯಾಕ್ಸ್ ಪಾರ್ಸರ್ ಪಠ್ಯವನ್ನು ಒಂದೇ ತುಂಡಾಗಿ ಕೊಡಬೇಕೆಂಬ ನಿಯಮವಿಲ್ಲ. ಎಂಟಿಟಿ ಬಂದ ಕಡೆ ಸಾಮಾನ್ಯವಾಗಿ ತುಂಡು ಮಾಡುತ್ತದೆ. ‘ಚಿಕ್ಕಿ ಪರಾಸ್’ ಒಂದು ಕರೆಯಲ್ಲಿ, ‘&’ ಇನ್ನೊಂದರಲ್ಲಿ, ಉಳಿದದ್ದು ಮತ್ತೊಂದರಲ್ಲಿ. ಆ ಕೋಡ್ ಕೊನೆಯ ತುಂಡನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ತುಂಡುಗಳನ್ನು ಸ್ಟ್ರಿಂಗ್‌ಬಿಲ್ಡರ್‌ನಲ್ಲಿ ಕೂಡಿಸುತ್ತಾ ಹೋಗಿ, ಎಲಿಮೆಂಟ್ ಮುಗಿದಾಗ ಓದುವಂತೆ ಬದಲಿಸಿದೆ. ಹೆಸರು ಪೂರ್ತಿ ಬಂತು.

ದರದ ಕಾಲಂನಲ್ಲಿ ಬೇರೆಯೇ ತೊಡಕು. ಕೆಲವು ದರಗಳ ಪಕ್ಕ &#160; ಇತ್ತು, ಅಂದರೆ ಸಾಲು ಮುರಿಯದ ಖಾಲಿ ಜಾಗ. ಬಿಚ್ಚಿದ ಮೇಲೆ ನೋಡಲು ಮಾಮೂಲಿ ಸ್ಪೇಸ್ ಥರವೇ ಇರುತ್ತದೆ. ತುದಿಯ ಖಾಲಿ ಜಾಗ ಕತ್ತರಿಸುವ ಪೈಥಾನಿನ ಸ್ಟ್ರಿಪ್ ಅದನ್ನು ತೆಗೆಯುತ್ತದೆ. ಜಾವಾದ ಟ್ರಿಮ್ ತೆಗೆಯುವುದಿಲ್ಲ, ಜಾವಾ 11ರಲ್ಲಿ ಬಂದ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ಸಂಖ್ಯೆಗೆ ಬದಲಿಸುವಾಗ ಎರರ್ ಬರುತ್ತದೆ, ಕಾರಣ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ದರದ ಕಾಲಂನಲ್ಲಿ 160ನ್ನು ಮೊದಲೇ ಮಾಮೂಲಿ ಸ್ಪೇಸ್‌ಗೆ ಬದಲಿಸಿದೆ.

ಸಂಶಯ ಬಂದಾಗ ಪರದೆ ನೋಡಿ ತೀರ್ಮಾನಿಸುವುದಿಲ್ಲ. ಪಠ್ಯದ ಒಂದೊಂದು ಅಕ್ಷರದ ಸಂಖ್ಯೆಯನ್ನೂ ಪ್ರಿಂಟ್ ಮಾಡಿ ನೋಡುತ್ತೇನೆ. 32 ಇದೆಯೋ 160 ಇದೆಯೋ, 8204 ಉಳಿದಿದೆಯೋ ಹೋಗಿದೆಯೋ, ಅಲ್ಲೇ ಗೊತ್ತಾಗುತ್ತದೆ. ಈಗ ಆ ಪ್ರೋಗ್ರಾಂ ಜತೆ ಒಂದು ಪರೀಕ್ಷಾ ಫೈಲ್ ಇಟ್ಟಿದ್ದೇನೆ. ಸಿಬ್ಬಂದಿಯ ಸೂಚನೆ, ‘ಟೋಪ್‌ತೆನಿ’, ಕೋನ ಚಿಹ್ನೆಯೊಳಗಿನ ರೇಷ್ಮೆ ದಡಿ, 160 ಅಂಟಿದ ದರ ಎಲ್ಲವೂ ಅದರಲ್ಲಿವೆ. ಯಾರೇ ಕೋಡ್ ಬದಲಿಸಿದರೂ ಮೊದಲು ಆ ಫೈಲ್ ಪಾಸಾಗಬೇಕು.