ಬೆಳಕಿನಿಂದ ಆಮ್ಲಜನಕ: ಹೆಮಟೈಟ್ ನ್ಯಾನೊಕಣ ಮಾಡುವ ಬಗೆ

ಬೆಳಕು ಬಿದ್ದಾಗ ನೀರಿನಿಂದ ಆಮ್ಲಜನಕ ಬಿಡಿಸಲು ನನಗೆ ಹೆಮಟೈಟ್ ಇಷ್ಟ. ಅದು ಒಂದು ಬಗೆಯ ಕಬ್ಬಿಣದ ಆಕ್ಸೈಡ್, ತುಕ್ಕಿನ ಹತ್ತಿರದ ನೆಂಟ, ಅಗ್ಗ, ನೀರಲ್ಲಿ ಕರಗುವುದಿಲ್ಲ, ಹಸಿರು-ನೀಲಿ ಬೆಳಕನ್ನೂ ಹೀರುತ್ತದೆ. ಒಂದೇ ತಲೆನೋವು: ಬೆಳಕು ಬಿದ್ದಾಗ ಹುಟ್ಟುವ ಧನ ಚಾರ್ಜ್ ಕೆಲವೇ ನ್ಯಾನೊಮೀಟರ್ ದೂರ ಹೋಗಿ ಮಾಯವಾಗುತ್ತದೆ. ಅದು ಮಾಯವಾಗುವ ಮೊದಲೇ ಕಣದ ಹೊರಮೈಗೆ ಬಂದು ನೀರನ್ನು ಮುಟ್ಟಬೇಕು, ಅದಕ್ಕೇ ಕಣ ಚಿಕ್ಕದಿರಬೇಕು.

ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. 500 ಮಿಲಿ ಲೀಟರ್ 0.002 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೊದಲೇ 98 ಡಿಗ್ರಿಗೆ ಕಾಯಿಸಿ. ಅದಕ್ಕೆ 2.7 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ (ಕಬ್ಬಿಣದ ಒಂದು ಲವಣ) ಹಾಕಿ ಕಲಕಿ. ತಣ್ಣಗಿನ ಆಮ್ಲಕ್ಕೆ ಹಾಕಿ ಆಮೇಲೆ ಕಾಯಿಸಬೇಡಿ, ಹಾಗೆ ಮಾಡಿದರೆ ಕಣಗಳು ಬೇರೆ ಬೇರೆ ಗಾತ್ರಕ್ಕೆ ಬರುತ್ತವೆ. ಬಾಟಲಿ ಮುಚ್ಚಿ, ಅದೇ ಬಿಸಿಯಲ್ಲಿ 7 ದಿನ ಓವನ್‌ನಲ್ಲಿಡಿ. ಹಳದಿ ದ್ರಾವಣ ಇಟ್ಟಿಗೆ ಕೆಂಪಾಗುತ್ತದೆ.

ಈಗ ತೊಳೆಯುವುದು. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಬಾರದು. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸಿ), ಡಿಸ್ಟಿಲ್ಡ್ ನೀರು ಹಾಕಿ ಕದಡಿ, ಮತ್ತೆ ಸೆಂಟ್ರಿಫ್ಯೂಜ್ ಮಾಡಿ. ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಬೆಳ್ಳಗಾದರೆ ಕ್ಲೋರೈಡ್ ಇನ್ನೂ ಇದೆ, ತೊಳೆಯುತ್ತಲೇ ಇರಿ. ಮುಂದೆ ಬೇಕಾಗುವುದೂ ಇದೇ ಸಿಲ್ವರ್ ನೈಟ್ರೇಟ್ ಅಲ್ವಾ? ಕ್ಲೋರೈಡ್ ಉಳಿದರೆ ಬೆಳ್ಳಿಯನ್ನು ಅದೇ ಹಿಡಿದುಬಿಡುತ್ತದೆ. ಬೆಳಕು ಕಿತ್ತ ಎಲೆಕ್ಟ್ರಾನನ್ನು ಬೆಳ್ಳಿ ಅಯಾನು ಹಿಡಿದುಕೊಂಡರೆ, ಉಳಿದ ಧನ ಚಾರ್ಜ್ ನೀರಿನಿಂದ ಆಮ್ಲಜನಕ ಬಿಡಿಸುತ್ತದೆ.

ಕಣ, ನೀರು, ಸಿಲ್ವರ್ ನೈಟ್ರೇಟ್ ಬೆರೆಸಿ. ಯಾವುದರ ಜೊತೆಗೂ ಬೆರೆತು ವರ್ತಿಸದ ಆರ್ಗಾನ್ ಅನಿಲ ಹಾಯಿಸಿ ಗಾಳಿಯ ಆಮ್ಲಜನಕ ಓಡಿಸಿ. ಆಮ್ಲಜನಕ ಎಷ್ಟಿದೆ ಎಂದು ಮೊದಲು ಕತ್ತಲಲ್ಲಿ ಅಳೆಯಿರಿ, ಆಮೇಲೆ ದೀಪ ಹಚ್ಚಿ. ಕತ್ತಲಲ್ಲೂ ಅಳತೆ ಏರುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಜಾಸ್ತಿ ಹೊತ್ತು ಓಡಿಸಿದರೆ ಬೆಳ್ಳಿಯು ಹೆಮಟೈಟ್ ಕಣದ ಮೇಲೆ ಕೂತು ಬೆಳಕನ್ನು ತಡೆಯುತ್ತದೆ. ಹಾಗಾಗಿ ನಾನು ನಂಬುವುದು ಶುರುವಿನ ವೇಗವನ್ನು ಮಾತ್ರ.